ಚಾಂಪಿಯನ್ ಸಾಹೇಬರನ್ನು ಸೋಲಿಸಲು ಹೋದದ್ದು

ಟೆನಿಸ್ ಆಟದಲ್ಲಿ ಹುಮನಾಬಾದಿಗೆಲ್ಲ ನಾನೇ ಮೊದಲಿಗ. ಇದು ಜಂಬವಲ್ಲ; ನಮ್ಮ ಕ್ಲಬ್ಬಿನ ಉಳಿದ ಸದಸ್ಯರಿಗೆ ಹೊಟ್ಟೆ ಅಡ್ಡ ಬಂದು ಚೆಂಡೇ ಕಾಣುತ್ತಿರಲಿಲ್ಲ. ಆದರೂ ನಾನು ಗೆದ್ದಾಗಲೆಲ್ಲ ವಕೀಲ ಗುಂಡೇರಾಯರು ಅದೇ ರಾಗ ತೆಗೆಯುವರು: “ಆಡ್ತೀರಿ ಬಿಡ್ರಿ. ಆದ್ರ ಕಲ್ಯಾಣಿ ಖಾದರ ಸಾಹೇಬರ ಮುಂದ ಇದೇನ್ರಿ?”

ಖಾದರ ಸಾಹೇಬರು ಒಂದು ಕಾಲಕ್ಕೆ ಹೈದರಾಬಾದಿನ ಟೆನಿಸ್ ಚಾಂಪಿಯನ್. ಆಟ ಬಿಟ್ಟು, ಈಗ ಬಸವಕಲ್ಯಾಣವೆನ್ನುವ ತಮ್ಮೂರು ಕಲ್ಯಾಣಿಗೆ ಬಂದು ನೆಲೆಸಿ ವರ್ಷಗಳೇ ಆಗಿದ್ದವು. ನಿಜಾಮರ ಆಡಳಿತವೇ ಉರುಳಿ ಹೋಗಿತ್ತು, ಸಾಹೇಬರ ಕೀರ್ತಿ ಮಾತ್ರ ಅಲುಗಿರಲಿಲ್ಲ! ಅದನ್ನು ಅಲುಗಿಸಲು ನಾನು ಪಣ ತೊಟ್ಟೆ.

“ಮುದುಕರನ್ನ ಗೆದ್ದರೂ ಮಂದಿ ನಗ್ತಾರ, ಸೋತರೂ ನಗ್ತಾರ. ಯಾಕ ಹೊಂಟೀರಿ?” ಎಂದಳು ಹೆಂಡತಿ.

“ಇತಿಹಾಸ ಬದಲಿ ಮಾಡಾಕ!” ಎಂದು ಹೊರಟೇಬಿಟ್ಟೆ.

ಬಸ್ಸಿನಲ್ಲಿ ನನ್ನ ಬ್ಯಾಟು ನೋಡಿದ ಡ್ರೈವರ್, “ಸಾಹೇಬರದೇನ್ರಿ?” ಎಂದು ಮುಂದಿನ ಸೀಟು ಕೊಟ್ಟ. ನನ್ನದೇ ಎಂದ ಕೂಡಲೇ ಹಿಂದಕ್ಕೆ ಕಳಿಸಿದ. ಕಲ್ಯಾಣಿಯಲ್ಲಿ ಟಾಂಗಾದವನು ದಾರಿಯುದ್ದಕ್ಕೂ ಹೊಗಳಿದ. “ಸಾಹೇಬರು ಹೊಡದ್ರ ಚೆಂಡು ಕಾಣ್ತಿರಲಿಲ್ರಿ, ಬರೇ ಸಪ್ಪಳ!”

“ನೀ ನೋಡೀಯೇನು?”

“ನಾ ಎಲ್ಲಿ ನೋಡೀನ್ರಿ? ನಮ್ಮಪ್ಪನೂ ನೋಡಿಲ್ಲ!”

ಸಾಹೇಬರು ಕಟ್ಟೆಯ ಮೇಲೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ಬಂದ ಉದ್ದೇಶ ಹೇಳಿದೆ. ಅವರು ನಕ್ಕರು.

“ಈ ಕಾಲು ಓಡಂಗಿಲ್ರಿ. ಚಾ ಕುಡದು ಹೋಗ್ರಿ.”

ನಾನು ಬಿಡಲಿಲ್ಲ. ಕೊನೆಗೆ ಅವರು ಎಡಗೈಯಲ್ಲಿ ಊರುಗೋಲು, ಬಲಗೈಯಲ್ಲಿ ಬ್ಯಾಟು ಹಿಡಿದು ಹಿತ್ತಲಿನ ಅಂಗಳಕ್ಕಿಳಿದರು. ಆಟ ಬಿಟ್ಟಿದ್ದರೂ ಅಲ್ಲಿ ಬಲೆ ಕಟ್ಟಿ ಸುಣ್ಣದ ಗೆರೆ ಎಳೆದೇ ಇತ್ತು. ಸುದ್ದಿ ಹಬ್ಬಿ ಅರ್ಧ ಓಣಿ ಗೋಡೆಯೇರಿ ಕೂತಿತು.

ಸಾಹೇಬರು ನಿಂತಲ್ಲಿಂದ ಕದಲಲಿಲ್ಲ. ಕದಲಿದವನು ನಾನು! ಒಂದು ಚೆಂಡು ಬಲೆಯ ಬುಡಕ್ಕೆ, ಇನ್ನೊಂದು ಅಂಗಳದ ಆ ತುದಿಗೆ. ಹಿಮ್ಮುಖವಾಗಿ ಓಡಿ, ಅಂಗಳದಂಚಿಗೆ ನೆರೆಮನೆಯ ಶಮೀಮ್ ಬೀ ಒಣಹಾಕಿದ್ದ ಕೆಂಪು ಮೆಣಸಿನಕಾಯಿಯ ಮೇಲೆ ಅಂಗಾತ ಬಿದ್ದೆ.

“ಅಯ್ಯ, ನನ್ನ ಮೆಣಸಿನಕಾಯಿ!” ಎಂದು ಆಕೆ ಕೂಗಿದಳು. ನನ್ನ ಬಗ್ಗೆ ಯಾರೂ ಕೂಗಲಿಲ್ಲ.

ಕಣ್ಣುರಿ, ಮೇಲಿಂದ ಮೇಲೆ ಸೀನು. “ಸಾಕ್ರಿ,” ಎಂದರು ಸಾಹೇಬರು. ಸಾಕೇ? ಮುಖ ತೊಳೆದು ಮತ್ತೆ ನಿಂತೆ! ಸೀನುತ್ತಲೇ ಸೋತೆ. ನಿಂತೂ ಸೋತೆ, ಓಡಿಯೂ ಸೋತೆ.

ಕಡೆಗೆ ಕನಿಕರ ಬಂದಿರಬೇಕು. ಸಾಹೇಬರು ಒಂದು ಚೆಂಡನ್ನು ಬೇಕೆಂದೇ ಗೆರೆಯಾಚೆ ಹೊಡೆದರು. ನನಗೆ ಒಂದು ಪಾಯಿಂಟು! ಬ್ಯಾಟು ಎತ್ತಿ ಕುಣಿಯಬೇಕು, ಅಷ್ಟರಲ್ಲಿ ಗೋಡೆಯ ಮೇಲಿನ ಮಂದಿ ಗಾಬರಿಯಾಗಿ ಧುಮುಕಿದರು.

“ಸಾಹೇಬರ ತಬಿಯತ್ ಸರಿ ಇಲ್ಲ! ನೀರು ತರ್ರಿ!”

ಒಬ್ಬ ಗಾಳಿ ಬೀಸಿದ. ಇನ್ನೊಬ್ಬ ನನ್ನ ಕಡೆ ತಿರುಗಿ, “ಆರಾಮಿಲ್ದ ಮನುಷ್ಯಾಗ ಹಿಂಗ ಆಡಸ್ತೀರೇನ್ರಿ? ನಾಚಿಕಿ ಬರಂಗಿಲ್ಲ?” ಎಂದ. ತಮಗೇನೂ ಆಗಿಲ್ಲವೆಂದು ಸಾಹೇಬರು ಎಷ್ಟು ಹೇಳಿದರೂ ಯಾರೂ ಕೇಳಲೊಲ್ಲರು. ನನ್ನ ಏಕೈಕ ಪಾಯಿಂಟು ಕಾಯಿಲೆಯ ಲೆಕ್ಕಕ್ಕೆ ಹೋಯಿತು!

ಮರುದಿನ ಹುಮನಾಬಾದಿನಲ್ಲಿ ಕ್ಲಬ್ಬಿಗೆ ಹೋದರೆ, ಸುದ್ದಿ ಆಗಲೇ ಮುಟ್ಟಿತ್ತು; ಗುಂಡೇರಾಯರು ಎದ್ದು ತಮ್ಮ ಕುರ್ಚಿ ಬಿಟ್ಟುಕೊಟ್ಟರು.

“ಬರ್ರಿ, ಕೂಡ್ರಿ! ಖುದ್ದು ಸಾಹೇಬರ ಜೋಡಿ ಆಡಿ ಬಂದೀರಿ!”

ಎಲ್ಲರೂ ಸುತ್ತ ನೆರೆದರು. ಸಾಹೇಬರು ಹೇಗಿದ್ದಾರೆ, ಹೇಗೆ ಹೊಡೆದರು, ಏನೆಂದರು ಎಂದು ಕೇಳಿದ್ದೇ ಕೇಳಿದ್ದು. ಗೆದ್ದವರು ಯಾರೆಂದು ಮಾತ್ರ ಒಬ್ಬರೂ ಕೇಳಲಿಲ್ಲ.