ಯಾರರೆ ಒಳಗ ಉಳದೀರೇನು?

ನಮ್ಮ ಮನೆಯವರಿಗೆ ಎಲ್ಲಿಂದಲೂ ಸುಮ್ಮನೆ ಹೊರಗೆ ಬರಲು ಬರುತ್ತಿರಲಿಲ್ಲ! ಬಸ್ಸಿರಲಿ, ಮದುವೆ ಮನೆಯಿರಲಿ, ಹಲ್ಲಿನ ಡಾಕ್ಟರರ ಕೋಣೆಯೇ ಇರಲಿ, ಎಲ್ಲರೂ ಹೊರಬಿದ್ದ ಮೇಲೆ ಬಾಗಿಲಲ್ಲಿ ನಿಂತು, ಒಳಗೆ ತಲೆ ಹಾಕಿ, "ಯಾರರೆ ಒಳಗ ಉಳದೀರೇನು?" ಎಂದು ಮೂರು ಸಲ ಕೂಗಬೇಕು. ಉತ್ತರಕ್ಕೆ ಕಾಯಬೇಕು. ಆಮೇಲೆಯೇ ಚಪ್ಪಲಿ!

ಇದು ಅವರಿಗೆ ಅಪ್ಪನಿಂದ ಬಂದ ಆಸ್ತಿ. ನಮ್ಮ ಮಾವನವರು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ಕಲ್ಲು ಕಡಿಯುತ್ತಿದ್ದವರು. ಸಂಜೆ ಎಲ್ಲರಿಗಿಂತ ಕಡೆಗೆ ಮೇಲೆ ಬಂದವನು ಒಳಗೆ ಮೂರು ಸಲ ಕೂಗಿಯೇ ಏಣಿ ಎಳೆದುಕೊಳ್ಳಬೇಕು ಎಂಬುದು ಅಲ್ಲಿಯ ರೂಢಿಯಂತೆ. ಆ ಗಣಿ ಎಲ್ಲಿತ್ತು ಎಂದಿರಾ? ಇವರು ಹೇಳುವಂತೆ ಕಲಬುರಗಿಯ ಮಾರ್ಕೆಟ್ಟಿನ ನಟ್ಟನಡುವೆ, ಈಗಿನ ಸೀರೆ ಅಂಗಡಿಗಳ ಅಡಿಯಲ್ಲಿ! ಯಾರು ನಂಬುತ್ತಾರೆ?

ನಮ್ಮ ಮದುವೆ ನನ್ನ ತವರು ಕಮಲಾಪುರದಲ್ಲಾಯಿತು. ಬೀಗರೆಲ್ಲ ಟೆಂಪೊ ಹತ್ತಿ ಕುಳಿತಿದ್ದರು. ನಾನಿನ್ನೂ ಒಳಗೆ ಅವ್ವನ ಕೊರಳಿಗೆ ಬಿದ್ದು ಅಳುತ್ತಿದ್ದೆ. ಇವರು ಬಾಗಿಲಿಗೆ ಬಂದು ಕೂಗಿಯೇ ಬಿಟ್ಟರು, "ಯಾರರೆ ಒಳಗ ಉಳದೀರೇನು?" ಕರೆದುಕೊಂಡು ಹೋಗಬೇಕಾದ ಹೆಣ್ಣೇ ಒಳಗಿದ್ದಾಳೆ, ಇವರು ಊರನ್ನು ಕೇಳುತ್ತಿದ್ದಾರೆ! ನನಗೆ ಅಳು ನಿಂತು ಸಿಟ್ಟು ಬಂತು.

"ನಾ ಉಳದೀನ್ರೀ!"

ಗಂಡನಿಗೆ ನಾನಾಡಿದ ಮೊದಲ ಮಾತು ಅದು.

"ಹಂಗಾರ ನಾ ನಿಂತಿರ್ತೇನಿ. ಸಾವಕಾಶ ಬಾ," ಎಂದರು.

ಒಮ್ಮೆ ತವರಿನಿಂದ ಬಸ್ಸಿನಲ್ಲಿ ಬಂದೆವು. ಎಲ್ಲರೂ ಇಳಿದರು. ಇವರು ಮಾತ್ರ ಮೆಟ್ಟಿಲ ಮೇಲೆ ನಿಂತು ಕೂಗತೊಡಗಿದರು.

"ಕಾಕಾ, ಬಸ್ ನಿಮ್ದೋ ನಮ್ದೋ?" ಎಂದ ಕಂಡಕ್ಟರ್.

ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದ ಮುದುಕಿಯೊಬ್ಬಳು ದಡಕ್ಕನೆ ಎದ್ದಳು. ತನ್ನ ಬುಟ್ಟಿಯಿಂದ ಎರಡು ಕೆಂಪು ಬಾಳೆಹಣ್ಣು ತೆಗೆದು ಇವರ ಕೈಗಿಟ್ಟಳು. ಅಲ್ಲಿಗೆ ಮುಗಿಯಿತು! ಇನ್ನು ಇವರನ್ನು ತಡೆಯುವವರು ಯಾರು? ನಂದೂರದ ಬೇಳೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ ಇವರು ದಿನಾ ಸಂಜೆ ಗೋದಾಮಿನೊಳಗೆ ಕೂಗುತ್ತಿದ್ದರು. ದಿನಾ ಒಂದು ಬೆಕ್ಕು ಹೊರಗೆ ಬರುತ್ತಿತ್ತು. "ನೋಡು, ಇತ್ತಿಲ್ಲ?" ಎನ್ನುತ್ತಿದ್ದರು.

ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಮನೆಯಲ್ಲಿ ಇದ್ದದ್ದೇ ನಾವಿಬ್ಬರು. ನಾನು ಅವರ ಪಕ್ಕದಲ್ಲೇ ನಿಂತಿದ್ದರೂ ಬೀಗ ಹಾಕುವ ಮೊದಲು ಒಳಗೆ ಕೂಗುತ್ತಿದ್ದರು! ಗಣಿಯ ಮಾತು ಬಂದರಂತೂ ನೆಂಟರೆಲ್ಲ ಬಾಯಿಗೆ ಸೆರಗು ಹಿಡಿಯುತ್ತಿದ್ದರು. ಒಂದು ಸಲ ನಾನೇ ಎಲ್ಲರೆದುರು ಅಂದೆ, "ನಿಮ್ಮಪ್ಪ ಮಾರ್ಕೆಟ್ನ್ಯಾಗ ಗಣಿ ಕಡ್ದಿಲ್ರೀ, ನಿಮ್ಮ ತಲಿಯಾಗ ಕಡ್ದಾನ!" ಎಲ್ಲರಿಗಿಂತ ಜೋರಾಗಿ ಅವರೇ ನಕ್ಕರು. ಆಮೇಲೆ ಗಣಿಯ ಮಾತು ತೆಗೆಯಲೇ ಇಲ್ಲ. ಅದನ್ನು ನಾನು ಗಮನಿಸಿದ್ದು ಬಹಳ ತಡವಾಗಿ.

ಹೋದ ವರ್ಷ ಅವರು ತೀರಿಕೊಂಡರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಕೊಟ್ಟೆವು. ತಿರುಗಿ ನೋಡದೆ ನಡೆಯಬೇಕು ಎಂದರು ಹಿರಿಯರು. ನಡೆದು ಬಂದೆವು. ಯಾರೂ ಕೂಗಲಿಲ್ಲ.

ಮೊನ್ನೆ ಪಕ್ಕದ ಮನೆಯವಳು ಓಡಿ ಬಂದಳು. "ಅಕ್ಕಾ, ಮಾರ್ಕೆಟ್ನ್ಯಾಗ ಅಂಗಡಿ ಕಟ್ಟಾಕ ಪಾಯ ತೋಡಾಕತ್ತಿದ್ರು. ನೆಲ ಕುಸಿದು ಕೆಳಗ ಹಳೇ ಕಲ್ಲಿನ ಗಣಿ ಸಿಕ್ಕದಂತ! ನಿಮ್ಮವರು ಖರೇನೇ ಹೇಳ್ತಿದ್ರು!"

ಖರೇ ಎಂದು ಹೇಳಲು ಈಗ ಯಾರ ಹತ್ತಿರ ಹೋಗಲಿ? ಆಟೋ ಹಿಡಿದು ಮಾರ್ಕೆಟ್ಟಿಗೆ ಹೋದೆ.

ಜನ ಮೊಬೈಲು ಎತ್ತಿ ಹಿಡಿದಿದ್ದರು. ಕೆಳಗೆ ಕತ್ತಲೆ. ಮೇಲಿನ ನೆಲ ಹೊರಲೆಂದು ಕಡಿಯದೆ ಬಿಟ್ಟ ಕಲ್ಲಿನ ಕಂಬಗಳು, ಗೋಡೆಯ ತುಂಬ ಉಳಿಯ ಗೆರೆಗಳು. ಕಾಂಕ್ರೀಟ್ ಲಾರಿ ಬಂದು ನಿಂತಾಗಿತ್ತು.

"ಅವ್ವಾ, ಹಿಂದ ಸರೀರಿ. ಈಗ ಮುಚ್ಚತೀವಿ," ಎಂದರು ಇಂಜಿನಿಯರು.

"ಕೂಗದ ಮುಚ್ಚಬ್ಯಾಡ್ರಪ್ಪ."

"ಒಳಗ ಯಾರೂ ಇಲ್ರೀ. ಬ್ಯಾಟರಿ ಹಾಕಿ ನೋಡೀವಿ."

"ನೋಡಿದ್ರ ನಡಿಯಂಗಿಲ್ಲ. ಕೂಗಬೇಕು."

ಅವರು ನನ್ನ ಮುಖ ನೋಡಿದರು. ಆಮೇಲೆ ಲಾರಿಯವನಿಗೆ ತಡೆಯುವಂತೆ ಕೈ ಮಾಡಿದರು.

ಅಂಚಿನಲ್ಲಿ ಕುಳಿತು ಬಗ್ಗಿ ಮೂರು ಸಲ ಕೂಗಿದೆ. ಮೂರನೆಯ ಸಲಕ್ಕೆ ಸುತ್ತಲಿನ ಜನ ಮೊಬೈಲು ಕೆಳಗಿಳಿಸಿದರು. ಕಾದೆ. ಕೆಳಗಿನಿಂದ ನನ್ನದೇ ದನಿ ಸಣ್ಣದಾಗಿ ಮೇಲೆ ಬಂತು: ಯಾರರೆ ಒಳಗ ಉಳದೀರೇನು?

"ನಾ ಉಳದೀನ್ರೀ," ಎಂದೆ, ನಮ್ಮ ಮನೆಯವರಿಗೆ ಮಾತ್ರ ಕೇಳುವಷ್ಟು. "ನಿಂತಿರ್ರಿ. ಸಾವಕಾಶ ಬರ್ತೇನಿ."