ಎರಡು ಕ್ಯಾಮೆರಾ, ಒಬ್ಬ ಆಯಿ

ಫೋಟೋ ತೆಗೆಯುವುದು ಅಂಥ ಕಷ್ಟದ ಕೆಲಸವೇನಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಕಷ್ಟವೆಲ್ಲ ಇರುವುದು ಸರಿಯಾದ ಕ್ಯಾಮೆರಾ ಆರಿಸುವುದರಲ್ಲಿ. ಅದೊಂದು ಆಯಿತೆಂದರೆ ಉಳಿದದ್ದು ಬರೀ ಗುಂಡಿ ಒತ್ತುವುದು! ಈ ಮಹಾತತ್ವವನ್ನು ನಾನು ಸಂಶಿಯ ನನ್ನ ಬೀಜ-ಗೊಬ್ಬರದ ಅಂಗಡಿಯಲ್ಲಿ ಕುಳಿತು, ಯಾರ ಸಹಾಯವೂ ಇಲ್ಲದೆ ಕಂಡುಹಿಡಿದೆ.

ಇದೆಲ್ಲ ಶುರುವಾದದ್ದು ಮಿಶ್ರಿಕೋಟಿಯಲ್ಲಿ, ನನ್ನ ಹೆಂಡತಿ ನೀಲಾಳ ತವರಿನಲ್ಲಿ. ಅವಳ ಅಜ್ಜಿ ಗೌರವ್ವನನ್ನು ಮನೆಮಂದಿಯೆಲ್ಲ ಆಯಿ ಎನ್ನುತ್ತಾರೆ. ಪಡಸಾಲೆಯ ಗೋಡೆಯ ಮೇಲೆ ಆಯಿಯ ಗಂಡನ ಹಳೆಯ ಫೋಟೋ ಇದೆ. ಕಪ್ಪು-ಬಿಳುಪು, ಚೌಕಾಕಾರ, ಮೀಸೆಯ ಒಂದೊಂದು ಕೂದಲೂ ಸ್ಪಷ್ಟ. ಅದರ ಪಕ್ಕದಲ್ಲಿ ಒಂದು ಖಾಲಿ ಮೊಳೆ. ಅದು ತನ್ನದೆಂದು ಆಯಿ ಎಂದೋ ಹೇಳಿಬಿಟ್ಟಿದ್ದರು. ಈಚೆಗೆ ಅವರಿಗೊಂದು ಹೊಸ ಚಿಂತೆ ಹತ್ತಿತ್ತು. ಅವರ ನಾದಿನಿ ತೀರಿಕೊಂಡಾಗ ಆ ಮನೆಯವರು ಗುರುತಿನ ಚೀಟಿಯಲ್ಲಿದ್ದ ಫೋಟೋವನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದರು.

“ಪೊಲೀಸ್ರು ಹಿಡ್ಕೊಂಡು ಬಂದಂಗ ಕಾಣ್ತಾಳ, ಪಾಪ,” ಎಂದರು ಆಯಿ. “ನಂದು ನಾ ಇದ್ದಾಗ ಮೊಳಿಗೆ ಹಾಕಿ ತೋರಿಸ್ರಿ. ಸತ್ತ ಮ್ಯಾಲೆ ನೀವು ಏನ್ ಹಾಕ್ತೀರೋ, ನಾ ಬಂದು ನೋಡಾಕ ಆಗತೈತೇನ್?”

“ಮೊಬೈಲ್ದಾಗ ನಿಂದು ಬೇಕಾದಷ್ಟು ಫೋಟೋ ಅದಾವಲ್ಲ ಆಯಿ,” ಎಂದಳು ನೀಲಾ.

“ಮೊಬೈಲ್ದಾಗ ಎಲ್ಲಾರ ಕಿಸೇದಾಗೂ ಅದೇನಿ. ಗ್ವಾಡಿ ಮ್ಯಾಲೆ ಇಲ್ಲ. ನನಗ ಇವ್ರಂಥದ್ದ ಬೇಕು,” ಎಂದು ಆಯಿ ಗಂಡನ ಕಡೆ ಬೆರಳು ತೋರಿಸಿದರು.

ಆಗ ನಾನು ಬಾಯಿ ತೆರೆದೆ. ತೆರೆಯಬಾರದಿತ್ತು. ಇಂಥ ಫೋಟೋ ತೆಗೆಯುವುದು ಅಗಲ ರೀಲಿನ ಕ್ಯಾಮೆರಾದಲ್ಲಿ, ಅದಕ್ಕೆ ಮೀಡಿಯಂ ಫಾರ್ಮ್ಯಾಟ್ ಎನ್ನುತ್ತಾರೆ, ಸಾಮಾನ್ಯ ರೀಲಿಗಿಂತ ಅದು ಎಷ್ಟೋ ದೊಡ್ಡದು, ಅಂಥದ್ದನ್ನು ತಂದು ಸ್ವತಃ ನಾನೇ ತೆಗೆಯುತ್ತೇನೆ ಎಂದು ಘೋಷಿಸಿದೆ. ಈ ವಿದ್ವತ್ತೆಲ್ಲ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮೊಬೈಲಿನ ವಿಡಿಯೋ ನೋಡಿ ಗಳಿಸಿದ್ದು.

“ಅಳಿಯಂದ್ರು ಅಂದ್ರ ಹಿಂಗಿರಬೇಕು!” ಎಂದರು ಆಯಿ. ಅಂದು ನನ್ನ ಹೋಳಿಗೆಯ ಮೇಲೆ ತುಪ್ಪ ತುಸು ಹೆಚ್ಚೇ ಬಿತ್ತು.

ಹುಬ್ಬಳ್ಳಿಯಲ್ಲಿ ನನ್ನ ಪರಿಚಯದ ಒಬ್ಬ ಕಾಕಾ ಇದ್ದಾರೆ. ಹಿಂದೆ ಸ್ಟುಡಿಯೋ ಇಟ್ಟಿದ್ದರು, ಈಗ ಮನೆಯ ಹಿಂದಿನ ಕತ್ತಲೆ ಕೋಣೆಯಲ್ಲಿ ಹವ್ಯಾಸಕ್ಕಾಗಿ ರೀಲು ತೊಳೆಯುತ್ತಾರೆ. ಅವರ ಕಪಾಟಿನಲ್ಲಿ ಅಂಥ ಎರಡು ಕ್ಯಾಮೆರಾ ಇದ್ದವು. “ಎರಡೂ ಒಯ್ರಿ. ಮನಸಿಗೆ ಬಂದದ್ದು ಇಟ್ಕೋರಿ, ಇನ್ನೊಂದು ತಂದು ಕೊಡ್ರಿ,” ಎಂದರು. ಪುಣ್ಯಾತ್ಮರು ಒಂದನ್ನೇ ಕೊಟ್ಟಿದ್ದರೆ ನನ್ನ ಸಂಸಾರ ನೆಮ್ಮದಿಯಾಗಿರುತ್ತಿತ್ತು.

ಮೊದಲನೆಯದು ಎರಡು ಕಣ್ಣಿನ ಡಬ್ಬಿ. ಮೇಲಿನ ಕಣ್ಣು ನಾವು ನೋಡುವುದಕ್ಕೆ, ಕೆಳಗಿನದು ರೀಲಿಗೆ. ಅದನ್ನು ಕೊರಳಿಗೆ ಹಾಕಿ, ಹೊಟ್ಟೆಯ ಹತ್ತಿರ ಹಿಡಿದು, ಮೇಲಿನ ಮುಚ್ಚಳ ತೆಗೆದು ಅಲ್ಲಿರುವ ಗಾಜಿನಲ್ಲಿ ಇಣುಕಬೇಕು. ಇನ್ನೊಂದು ಒಂಟಿ ಕಣ್ಣಿನದು. ಎಲ್ಲರಂತೆ ಕಣ್ಣಿಗೆ ಹಿಡಿದು ನೋಡುವಂಥದ್ದು, ಆದರೆ ಎತ್ತಲು ಹಿಂದಿನ ದಿನದಿಂದಲೇ ಸರಿಯಾಗಿ ಉಣ್ಣಬೇಕು. ಎರಡರ ತೂಕ ನೋಡೋಣವೆಂದು ಅಂಗಡಿಯ ತಕ್ಕಡಿಯ ಮೇಲೆ ಇಟ್ಟೆ. ಹೆಸರು ಬೀಜಕ್ಕೆಂದು ಬಂದು ನಿಂತಿದ್ದ ರೈತರೊಬ್ಬರು ಬಗ್ಗಿ ನೋಡಿ, “ಸಾವಕಾರ್ರ, ಇದು ಕಿಲೋಕ್ಕ ಹೆಂಗ್ರಿ?” ಎಂದರು.

ಯಾವುದನ್ನು ಇಟ್ಟುಕೊಳ್ಳುವುದು? ನಾನು ಅಧ್ಯಯನಕ್ಕೆ ಇಳಿದೆ. ಎರಡು ಕಣ್ಣಿನದರಲ್ಲಿ ಫೋಟೋ ಬೆಣ್ಣೆಯ ಹಾಗೆ ಬರುತ್ತದೆ ಎಂದು ಯಾವುದೋ ದೇಶದ ಒಬ್ಬಾತ ಹೇಳಿದ. ಅದನ್ನು ಕೆರೆಗೆ ಎಸೆಯಿರಿ, ಒಂಟಿ ಕಣ್ಣಿನದೇ ರಾಜ ಎಂದು ಇನ್ನೊಬ್ಬ ಹೇಳಿದ. ನಾನು ಕೊನೆಯದಾಗಿ ಯಾರ ಮಾತು ಕೇಳಿದ್ದೆನೋ ಅವರ ಕಡೆ. ಮುಂಜಾನೆ ಒಂದು ಪಕ್ಷ, ಸಂಜೆ ಇನ್ನೊಂದು. ಹೀಗೇ ಬಿತ್ತನೆ ಮುಗಿಯಿತು, ಸುಗ್ಗಿಯೂ ಮುಗಿಯಿತು. ಮಿಶ್ರಿಕೋಟಿಯಿಂದ ಫೋನು ಬಂದಾಗಲೆಲ್ಲ ಆಯಿ, “ಮೊಳಿ ಜಂಗ ಹಿಡ್ಯಾಕತ್ತೈತಿ,” ಎನ್ನುತ್ತಿದ್ದರು.

ನೀಲಾಳ ತಾಳ್ಮೆಯೂ ಮುಗಿಯಿತು. “ನನ್ನ ನೋಡಾಕ ಬಂದಾಗ ಚಹಾ ಆರೂದ್ರಾಗ ಹೂಂ ಅಂದಿದ್ರಿ! ಈ ಡಬ್ಬಿಗೆ ಇಷ್ಟು ವಿಚಾರ ಏನ್ರಿ?”

ಆಗ ಅವಸರ ಮಾಡಿದ್ದಕ್ಕೇ ಈಗ ವಿಚಾರ ಮಾಡುತ್ತಿದ್ದೇನೆ ಎಂದು ಉತ್ತರ ಕೊಟ್ಟೆ. ಮನಸ್ಸಿನಲ್ಲೇ ಕೊಟ್ಟೆ. ನನಗೂ ಹೊತ್ತಿಗೆ ಸರಿಯಾಗಿ ರೊಟ್ಟಿ ಬೇಕಲ್ಲ!

ಕೊನೆಗೆ ತೀರ್ಪು ಕೊಟ್ಟದ್ದು ಪಕ್ಕದ ಮನೆಯ ಬಸಕ್ಕನ ಎಮ್ಮೆ. ಒಂಟಿ ಕಣ್ಣಿನ ಕ್ಯಾಮೆರಾದ ಗುಂಡಿ ಒತ್ತಿದರೆ ಒಳಗಿನ ಕನ್ನಡಿ ಫಟ್ ಎಂದು ಮೇಲೇಳುತ್ತದೆ. ಒಂದು ದಿನ ಹಿತ್ತಲಲ್ಲಿ ನಿಂತು, ರೀಲು ಹಾಕದೆಯೇ ಅದನ್ನು ಪರೀಕ್ಷಿಸಿದೆ. ಬೇಲಿಯಾಚೆ ಬಸಕ್ಕ ಹಾಲು ಹಿಂಡುತ್ತಿದ್ದುದು ನನಗೆ ಗೊತ್ತಿರಲಿಲ್ಲ. ಫಟ್ ಎಂದಿತು. ಎಮ್ಮೆ ಜಾಡಿಸಿ ಒದೆಯಿತು. ಚರಿಗೆ ಬೇಲಿ ದಾಟಿ ನನ್ನ ಕಾಲ ಬಳಿಯೇ ಬಂದು ಬಿತ್ತು.

“ಸಾವಕಾರ್ರ! ನಮ್ಮ ಎಮ್ಮಿಗೆ ಗುಂಡ ಹಾರಿಸಿದ್ರೇನ್ರಿ?”

ದೇಶವಿದೇಶಗಳ ತಜ್ಞರಿಂದ ಆಗದ ನಿರ್ಣಯವನ್ನು ಎಮ್ಮೆ ಒಂದೇ ಒದೆಗೆ ಮಾಡಿತು. ಎಮ್ಮೆಯೇ ಇಷ್ಟು ಬೆಚ್ಚಿದರೆ ವಯಸ್ಸಾದ ಆಯಿಯ ಗತಿ ಏನು? ಒಂಟಿ ಕಣ್ಣಿನದನ್ನು ಹುಬ್ಬಳ್ಳಿಗೆ ಮರಳಿಸಿದೆ. ಎರಡು ಕಣ್ಣಿನದು ಹಗುರ, ಸದ್ದೂ ಇಲ್ಲ. ಇದಕ್ಕಿಂತ ಶಾಸ್ತ್ರೋಕ್ತ ಆಯ್ಕೆ ಇರಲು ಸಾಧ್ಯವೇ ಇಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಒಂದು ಭಾನುವಾರ ಮಿಶ್ರಿಕೋಟಿಗೆ ಹೋದೆವು. ಆಯಿ ಇಳಕಲ್ ಸೀರೆ ಉಟ್ಟು, ಹಣೆ ತುಂಬ ವಿಭೂತಿ ಧರಿಸಿ, ಮುಂಜಾನೆಯಿಂದಲೇ ಕಟ್ಟೆಯ ಮೇಲೆ ಕುಳಿತಿದ್ದರು. ನಾನು ಗಂಭೀರವಾಗಿ ರೀಲು ಏರಿಸಿದೆ, ಮುಚ್ಚಳ ತೆಗೆದೆ, ಗಾಜಿನಲ್ಲಿ ಇಣುಕಿದೆ. ಏನೂ ಕಾಣಲಿಲ್ಲ. ಹತ್ತಿರದ್ದನ್ನು ನೋಡುವ ನನ್ನ ಚಾಳೀಸು ಸಂಶಿಯಲ್ಲೇ ಉಳಿದಿತ್ತು! ಗಾಜಿನಲ್ಲಿ ಒಂದು ಸೀರೆ ಇದೆ, ಅದರ ಮೇಲೆ ಬೆಳ್ಳಗೆ ಏನೋ ಇದೆ, ಅಷ್ಟೇ.

ಹಿಂದೆ ಸರಿಯುವವನಲ್ಲ ನಾನು. ಕಣ್ಣಿಗೆ ಕಾಣದಿದ್ದರೇನು, ದೂರ ಅಳೆದು ಕ್ಯಾಮೆರಾದ ತಿರುಪನ್ನು ಆ ಅಂಕಿಗೆ ತಿರುಗಿಸಿದರಾಯಿತು, ಅಷ್ಟು ದೂರದಲ್ಲಿದ್ದದ್ದು ಸ್ಪಷ್ಟ ಬರುತ್ತದೆ. ಅಳತೆಯ ಟೇಪು ಹಿಡಿದು ಆಯಿಯ ಮೂಗಿನ ಹತ್ತಿರ ಒಯ್ದೆ.

“ತಗೀರಿ ಅದನ್ನ! ಜೀವ ಇದ್ದವ್ರ ಅಳತಿ ತಗೀತಾರೇನ್ರಿ ಯಾರರ?”

ಕೊನೆಗೆ ಮೊಣಕಾಲಿನವರೆಗೆ ಅಳೆಯಲು ಒಪ್ಪಿಗೆ ಸಿಕ್ಕಿತು. ಮೊಣಕಾಲಿನಿಂದ ಮುಖಕ್ಕೆ ಇನ್ನಷ್ಟು ಸೇರಿಸಬೇಕೆಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ, ಕೂಡಲೇ ಮರೆತೆ. ಮರೆಯಲು ಕಾರಣವಿತ್ತು. ಆ ಗಾಜಿನಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ಆಯಿಯನ್ನು ನಡುವೆ ತರಲು ನಾನು ಸರಿದಷ್ಟೂ ಅವರು ಗಾಜಿನಿಂದ ಆಚೆ ಹೋಗುತ್ತಿದ್ದರು. ಸರಿಯುತ್ತ ಸರಿಯುತ್ತ, ಒಣಹಾಕಿದ್ದ ಶಾವಿಗೆಯ ಮೇಲೆ ಕಾಲಿಟ್ಟೆ. ಅಳಿಯನಿಗೆ ಅನ್ನುವಂತಿಲ್ಲ, ಅತ್ತೆ ಉಳಿದ ಶಾವಿಗೆಯನ್ನು ಎತ್ತಿ ಒಳಗೆ ಒಯ್ದರು.

ಅಂತೂ ಆಯಿ ಗಾಜಿನ ನಡುವೆ ಬಂದರು. ಬಿಸಿಲು ಬೀಳದಂತೆ ತಲೆಯನ್ನೇ ಮರೆ ಮಾಡಿ, ಪೂರ್ತಿ ಬಗ್ಗಿ ಒಂದು ಫೋಟೋ ಹೊಡೆದೆ. ರೀಲು ತಿರುಗಿಸಿ ಮತ್ತೆ ಬಗ್ಗಿದೆ. ಪ್ರತಿ ಸಲವೂ ಆಯಿ, “ಚೊಲೊ ಆಗ್ಲಿ,” ಎನ್ನುತ್ತಿದ್ದರು.

“ಆಗತೈತಿ ಆಯಿ, ಬಾಳ ಚೊಲೊ ಆಗತೈತಿ!” ಎಂದು ನಾನು ತಲೆ ಎತ್ತದೆಯೇ ಧೈರ್ಯ ಹೇಳುತ್ತಿದ್ದೆ. ಗಾಜಿನ ಮೇಲೆ ಆಗಾಗ ಕಪ್ಪಗೆ ಏನೋ ಸುಳಿದುಹೋಗುತ್ತಿತ್ತು. ಮೋಡ ಎಂದುಕೊಂಡೆ. ರೀಲಿನಲ್ಲಿದ್ದ ಹನ್ನೆರಡೂ ಮುಗಿದವು.

ರೀಲು ಹುಬ್ಬಳ್ಳಿಗೆ ಹೋಯಿತು. ಫೋಟೋ ತರಲು ಹೋದಾಗ ಕಾಕಾ ನನ್ನನ್ನು ವಿಚಿತ್ರವಾಗಿ ನೋಡಿದರು. “ಅಲ್ರಿ, ನೀವು ಬೀಜಾ ಮಾರತೀರಂತ ತಿಳಿದಿದ್ನಿ. ಜ್ಯೋತಿಷ್ಯಾನೂ ಹೇಳ್ತೀರೇನ್ರಿ?”

ಹನ್ನೆರಡರಲ್ಲೂ ಅಂಗೈ! ನಡುವೆ, ದೊಡ್ಡದಾಗಿ, ಮೊಣಕಾಲಿನ ಅಳತೆಗೆ ಸರಿಯಾಗಿ, ಒಂದೊಂದು ರೇಖೆಯೂ ಎದ್ದು ಕಾಣುವಂತೆ ಒಂದು ಅಂಗೈ. ಅದರ ಹಿಂದೆ, ಮಂಜು ಮಂಜಾಗಿ, ಸೀರೆಯ ಸೆರಗಿನ ತುದಿ. ಮೀಡಿಯಂ ಫಾರ್ಮ್ಯಾಟಿನ ಸ್ಪಷ್ಟತೆಯ ಬಗ್ಗೆ ತಜ್ಞರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಮನೆಗೆ ತಂದು ತೋರಿಸಿದಾಗ ನೀಲಾ ನಗಲಿಕ್ಕೆ ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. “ನೀವು ಹಂಗ ತಲಿ ಬಗ್ಗಿಸಿದ್ರಲ್ಲ, ಆಯಿ ನಮಸ್ಕಾರ ಅಂತ ತಿಳಿದಾಳ್ರೀ! ಬಗ್ಗಿದಾಗೊಮ್ಮೆ ಕೈ ಎತ್ತಿ ಆಶೀರ್ವಾದ ಮಾಡ್ಯಾಳ.”

“ನೀ ನೋಡಿ ಸುಮ್ನ ನಿಂತಿದ್ದೇನು?”

“ಹಂಗ ಫೋಟೋ ತಗಿಯೂದಂತ ತಿಳಿದ್ನಿ. ಅಷ್ಟು ದಿನ ಓದೀರಿ, ನಿಮಗ ಗೊತ್ತಿರತೈತಿ ಅಂತ.”

ನಾನು ತೂಕ ನೋಡಿದ್ದೆ, ಸದ್ದು ನೋಡಿದ್ದೆ, ಗಾಜಿನ ಗುಣ ನೋಡಿದ್ದೆ. ಒಂದು ಕ್ಯಾಮೆರಾಕ್ಕೆ ತಲೆ ಎತ್ತಬೇಕು, ಇನ್ನೊಂದಕ್ಕೆ ತಲೆ ಬಗ್ಗಿಸಬೇಕು ಎಂಬುದನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ. ಯಾವ ತಜ್ಞನೂ ಎಚ್ಚರಿಸಿರಲಿಲ್ಲ. ಅವರ ದೇಶದಲ್ಲಿ ತಲೆ ಬಗ್ಗಿಸಿದವರಿಗೆಲ್ಲ ಆಶೀರ್ವಾದ ಮಾಡುವ ಆಯಿಗಳು ಇರಲಿಕ್ಕಿಲ್ಲ.

ನಗೆಯೆಲ್ಲ ಮುಗಿದ ಮೇಲೆ ನನಗೆ ನಿಜವಾಗಿಯೂ ಬೇಜಾರಾಯಿತು. ಮದುವೆಯಾದಂದಿನಿಂದ ಆಯಿ ನನ್ನನ್ನು ಬಾಯಿಬಿಟ್ಟು ಕೇಳಿದ್ದು ಇದೊಂದೇ. ಹೆದರುತ್ತಲೇ ಹೋಗಿ ಫೋಟೋಗಳನ್ನು ಅವರ ಮುಂದಿಟ್ಟೆ. ಆಯಿ ಒಂದನ್ನು ಎತ್ತಿ, ದೂರ ಹಿಡಿದು ನೋಡಿದರು.

“ಇದು ನಂದ ಕೈ. ಇಲ್ಲೆ ಕುಡಗೋಲ ಬಡದ ಗುರ್ತ ಐತಿ ನೋಡ್ರಿ. ಬಾಳ ಚೊಲೊ ಬಂದೈತಿ. ಹಾಕ್ರಿ ಮೊಳಿಗೆ.”

“ಆಯಿ, ಮುಖ ಬಂದಿಲ್ರಿ,” ಎಂದೆ.

“ಮುಖಾ ನೋಡಿ ಅವ್ರು ಯಾವತ್ತ ಏನ್ ಅಂದಾರ? ಈ ಕೈಯಾನ ರೊಟ್ಟಿ ತಿಂದು ಹೂಂ ಅಂತಿದ್ರು. ಅಷ್ಟ ಸಾಕು, ಹಾಕ್ರಿ,” ಎಂದು ಆಯಿ ಗಂಡನ ಫೋಟೋದ ಕಡೆ ತಿರುಗಿದರು.

ಇನ್ನೊಂದು ಕ್ಯಾಮೆರಾ ತಂದು ಮುಖ ತೆಗೆಯುತ್ತೇನೆ ಎಂದು ಮಾತು ಕೊಟ್ಟೆ. “ತರ್ರಿ,” ಎಂದರು ಆಯಿ. “ಅಲ್ಲೀತನಕಾ ಮೊಳಿ ಯಾಕ ಖಾಲಿ ಇರಬೇಕು?” ಹೀಗೆ ಗಂಡನ ಮೀಸೆಯ ಪಕ್ಕದಲ್ಲಿ, ಒಳ್ಳೆಯ ಚೌಕಟ್ಟಿನಲ್ಲಿ, ಆಯಿಯ ಅಂಗೈ ನೇತುಬಿತ್ತು.

ಮೊನ್ನೆ ನಾನು ಅಲ್ಲಿದ್ದಾಗಲೇ ಊರಿನ ಹಿರಿಯರೊಬ್ಬರು ಏನೋ ಕೆಲಸಕ್ಕೆ ಬಂದರು. ಗೋಡೆ ನೋಡಿದವರೇ ಟೋಪಿ ತೆಗೆದು, ಚಪ್ಪಲಿ ಬಿಟ್ಟು, ಎರಡೂ ಕೈ ಜೋಡಿಸಿ ನಿಂತರು. “ಯಾವ ಮಠದ ಅಜ್ಜಾರ ಹಸ್ತರಿ ಇದು?”

ಆಯಿ ಅದರ ಕೆಳಗೇ ಕುಳಿತು ಅಕ್ಕಿ ಆರಿಸುತ್ತಿದ್ದರು. “ಹಸ್ತ ನಂದ. ನಮ್ಮ ಅಳಿಯಂದ್ರು ಹೊಡದದ್ದು,” ಎಂದರು ಹೆಮ್ಮೆಯಿಂದ.

ಹಿರಿಯರು ಫೋಟೋ ನೋಡಿದರು. ಆಯಿಯ ಮುಖ ನೋಡಿದರು. ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಹಳ ಕನಿಕರದಿಂದ ಕೇಳಿದರು.

“ಯಾಕ್ರಿ ಸಾವಕಾರ್ರ, ಮುಖಾ ಅದ್ರಾಗ ಹಿಡಿಸ್ಲಿಲ್ಲೇನ್ರಿ? ಕ್ಯಾಮೆರಾ ಸಣ್ಣದಿತ್ತೇನು?”

“ಹೌದ್ರಿ,” ಎಂದೆ. “ಅಗದಿ ಸಣ್ಣದು.”