ಡಾಡಾ ಅಂದರೆ ದಾದ?

ಸಿದ್ಧಕಟ್ಟೆಯ ರುಕ್ಮಯ್ಯ ಮಾಸ್ಟ್ರಿಗೆ ಇದ್ದ ದೊಡ್ಡ ಕೊರಗೆಂದರೆ, ತಮ್ಮ ಮಹಾಕೃತಿಯ ಹೆಸರನ್ನು ಮನೆಯೊಳಗೆ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ.

"ನಾವು ಗಿಟಾರಿನಲ್ಲಿ ಬಾರಿಸುವುದು ಡಾಡಾ."

"ದಾದ?" ಎಂದಳು ಹೆಂಡತಿ ಕಾಂತಿ.

"ಹೌದು, ಡಾಡಾ."

"ಅದೇ ನಾನೂ ಕೇಳಿದ್ದು. ದಾದ?"

(ತುಳುವಿನಲ್ಲಿ 'ದಾದ' ಎಂದರೆ 'ಏನು'. ನೂರು ವರ್ಷದ ಹಿಂದೆ ಯುರೋಪಿನಲ್ಲಿ ಕಲೆಯಿಂದ ಅರ್ಥವನ್ನೇ ಓಡಿಸಲು ಚಳವಳಿ ಹೂಡಿದ ಮಹನೀಯರು, ಅದಕ್ಕೆ 'ಡಾಡಾ' ಎಂದು ಹೆಸರಿಡುವ ಮುಂಚೆ ಬಂಟ್ವಾಳದಲ್ಲಿ ಒಂದು ಮಾತು ವಿಚಾರಿಸಬೇಕಿತ್ತು.)

ಮಾಸ್ಟ್ರ ಜೊತೆಗಾರ ಪಾಣೆಮಂಗಳೂರಿನ ಪೈಂಟ್ ಅಂಗಡಿಯ ಹನೀಫಾ. ಇಬ್ಬರೂ ಸ್ವರಗಳನ್ನು ಚೀಟಿಗಳಲ್ಲಿ ಬರೆದು, ಗೆರಸೆಯಲ್ಲಿ ಕೇರಿ, ಕಣ್ಣು ಮುಚ್ಚಿ ಹೆಕ್ಕಿ, ಬಂದ ಸಾಲಿನಲ್ಲೇ ಊಟದ ಮೇಜಿನ ಮೇಲೆ ಜೋಡಿಸಿದ್ದರು. ಅದೇ ಜುಗಲ್‌ಬಂದಿ. ಎರಡು ತಿಂಗಳು ಘನಘೋರ ಅಭ್ಯಾಸ. ಮನೆಯವರ ಊಟ ನೆಲದ ಮೇಲೆ.

ಮೂಡುಬಿದಿರೆಯ ಕಾರ್ಯಕ್ರಮದ ದಿನ ಬೆಳಿಗ್ಗೆ ಸೆಕೆ ತಡೆಯದೆ ಕಾಂತಿ ಫ್ಯಾನ್ ಹಾಕಿದಳು. ಮಹಾಕೃತಿ ಹಾರಿಹೋಯಿತು. (ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡುವ ಬುದ್ಧಿ ಇಬ್ಬರಿಗೂ ಹೊಳೆದಿರಲಿಲ್ಲ, ಕಲಾವಿದರಲ್ಲವೇ!)

"ಸರ್ವನಾಶ!" ಮಾಸ್ಟ್ರು ತಲೆಗೆ ಕೈ ಹೊತ್ತರು.

"ಇದಕ್ಕೆ ಅರ್ಥವಿಲ್ಲ ಅಂತ ನೀವೇ ಹೇಳಿದ್ದಲ್ವಾ? ಹೇಗೆ ಅಂಟಿಸಿದರೂ ಆಯ್ತು."

"ಅರ್ಥವಿಲ್ಲದ್ದಕ್ಕೂ ಒಂದು ಕ್ರಮ ಉಂಟು ಮಾರಾಯ್ತಿ!"

ಕಾಂತಿ ಚೀಟಿಗಳನ್ನು ಗುಡಿಸಿ, ಅನ್ನದ ಅಗುಳಿನಿಂದ ಕೈಗೆ ಬಂದಂತೆ ರಟ್ಟಿಗೆ ಅಂಟಿಸಿ ಕೊಟ್ಟಳು.

ವೇದಿಕೆಯಲ್ಲಿ ಮಾಸ್ಟ್ರು ರಟ್ಟು ನೋಡಿ ಬಾರಿಸಿದರು, ಹನೀಫಾ ಹಳೆಯ ನೆನಪಿನಿಂದ ಬಾರಿಸಿದ. ಎರಡನೇ ನಿಮಿಷಕ್ಕೇ ಹೊತ್ತಿಕೊಂಡಿತು.

"ಮ ಅಲ್ಲ ಮಾಸ್ಟ್ರೇ, ಪ!"

"ರಟ್ಟಿನಲ್ಲಿ ಮ ಉಂಟು!"

"ರಟ್ಟು ಮಾಡಿದ್ದು ನಿಮ್ಮ ಹೆಂಡತಿ ಅಲ್ವಾ?"

"ಹೆಂಡತಿ ಸುದ್ದಿಗೆ ಬಂದರೆ ಜಾಗ್ರತೆ! ಅಭ್ಯಾಸಕ್ಕೆ ಒಂದು ದಿನವಾದರೂ ಹೊತ್ತಿಗೆ ಸರಿಯಾಗಿ ಬಂದಿದ್ದೀಯಾ?"

ಗಿಟಾರ್ ಕೆಳಗಿಟ್ಟು ಹತ್ತು ನಿಮಿಷ ಕಚ್ಚಾಡಿದರು. ಮೈಕು ಕಚ್ಚಾಟವನ್ನು ಒಂದಕ್ಷರ ಬಿಡದೆ ಸಭೆಗೆ ಒಪ್ಪಿಸಿತು. ನಾಚಿಕೆಯಿಂದ ಮಾಸ್ಟ್ರು ತಲೆಯೆತ್ತಿದರೆ, ಜನರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು!

ಸಂಘಟಕ ಜತ್ತಪ್ಪ ಓಡಿಬಂದು ಕೈ ಹಿಡಿದುಕೊಂಡರು. "ಆ ಜಗಳ ಉಂಟಲ್ಲ, ಅದು ಕಲೆ! ಬೆಳ್ತಂಗಡಿಯಲ್ಲೂ ಮಾಡುವ. ಗಿಟಾರ್ ಮಾತ್ರ ತರುವುದು ಬೇಡ, ಸುಮ್ಮನೆ ಮಧ್ಯದಲ್ಲಿ ಉಪದ್ರ."

ವಾಪಸು ಬರುವಾಗ ಕಾರಿನಲ್ಲಿ, ಸಭೆಯಲ್ಲಿ ಕೂತು ಎಲ್ಲ ನೋಡಿದ್ದ ಕಾಂತಿ ಕೇಳಿದಳು:

"ಕೊನೆಗೆ ಮೈಕಿನಲ್ಲಿ ಲೈಟಿನವನಿಗೂ ವಂದನೆ ಹೇಳಿದಿರಿ. ಇಪ್ಪತ್ತೆರಡು ವರ್ಷ ದಿನಾ ಕೂತು ಜಗಳ ಕಲಿಸಿದ ಗುರುವಿಗೆ ಒಂದು ನಮಸ್ಕಾರ ಹೇಳ್ಲಿಕ್ಕೆ ಏನಾಗಿತ್ತು?"